ಎಡಗಡೆಯೋ, ಬಲಗಡೆಯೋ?

ಮಾರ್ಚ್ 3

ಅಣ್ಣಾ,

ನೀನು ಮಾವ ಆದೆ! ಹೆಣ್ಣು ಮಗು. ಹೋದ ವಾರ ಬೆಳಿಗ್ಗೆ ಹುಟ್ಟಿದಳು. ಇವರು ಬಸ್ಸನ್ನು ಡಿಪೋದಲ್ಲಿ ಬಿಟ್ಟು ಓಡಿ ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಖಾಕಿ ಬಟ್ಟೆಯಲ್ಲೇ ನುಗ್ಗಿ ಮಗು ಎತ್ತಿಕೊಳ್ಳೋಕೆ ಹೋದ್ರು. ನರ್ಸಮ್ಮ "ಡ್ರೈವರ್ ಸಾರ್, ಮೊದಲು ಬ್ರೇಕ್ ಹಾಕಿ, ಕೈ ತೊಳ್ಕೊಂಡು ಬನ್ನಿ" ಅಂತ ಬಾಗಿಲಲ್ಲೇ ತಡೆದಳು.

ತಲೆ ತುಂಬಾ ಕೂದಲು. ಕೈಕಾಲು ಒಂದು ಗಳಿಗೆ ಸುಮ್ಮನಿರಲ್ಲ, ಮಲಗಿಸಿದ ಕಡೆ ಸುತ್ತುತ್ತಲೇ ಇರ್ತಾಳೆ. ಅದಕ್ಕೇ ಸದ್ಯಕ್ಕೆ ಬುಗುರಿ ಅಂತ ಕರೀತಿದ್ದೀವಿ. ಅಮ್ಮ ಬಂದಿದ್ದಾಳೆ. ಬಂದ ದಿನದಿಂದ ಅಡುಗೆಮನೆ ಅವಳ ವಶ. ನನ್ನ ಮನೇಲಿ ನಾನೇ ನೆಂಟಳು.

ನಿನ್ನ ಬೆಟ್ಟದ ಮೇಲೆ ಫೋನು ಸಿಗಲ್ಲ ಅಂತ ಯಾವಾಗಲೂ ಬೈಕೊಳ್ತಿದ್ದೆ. ಈ ಸಲ ಹಾಗನ್ನಿಸಲಿಲ್ಲ. ಬರೆಯೋದು ಸುಲಭ.

ಫೋಟೋ ಕೇಳಬೇಡ, ಇನ್ನೂ ತೆಗೆದಿಲ್ಲ. ಹಾಲು ಕುಡಿಯೋಕೆ ಸ್ವಲ್ಪ ಜಾಸ್ತಿ ಹೊತ್ತು ತಗೋತಾಳೆ, ಅದರಲ್ಲೇ ದಿನ ಕಳೆದುಹೋಗುತ್ತೆ. ನೀನು ರಜೆ ಹಾಕಿ ಓಡಿ ಬರೋ ಅವಸರ ಏನೂ ಇಲ್ಲ. ಮನೆ ತುಂಬಾ ಒಣಗೋ ಬಟ್ಟೆ, ಕೂರೋಕೂ ಜಾಗ ಇಲ್ಲ.

ನಿನ್ನ,
ಚಿನಕುರುಳಿ

*

ಮಾರ್ಚ್ 14

ಏ ಚಿನಕುರುಳಿ,

ನಿನ್ನ ಕಾಗದ ನಿನ್ನೆ ಮಧ್ಯಾಹ್ನದ ಡಬ್ಬಿಯಲ್ಲಿ ಮೇಲೆ ಬಂತು. ಕೇಬಲ್ ಕಾರಿಗೆ ನಾವು ಡಬ್ಬಿ ಅಂತೀವಿ, ಪ್ರವಾಸಿಗಳ ಕಿವಿಗೆ ಬೀಳದ ಹಾಗೆ. ಟಿಕೆಟ್ ಕೌಂಟರಿನವಳು ಲಕೋಟೆ ಎತ್ತಿ ಹಿಡಿದು "ಮೀಸೆ, ನಿಮಗೆ ಕಾಗದ" ಅಂತ ಕೂಗಿದಳು. ಇಲ್ಲಿ ನನ್ನ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರಿಗೂ ನಾನು ಮೀಸೆ.

ಮೊದಲ ಸಾಲು ಓದಿದ್ದೇ ತಡ, ನನಗೆ ಮೈಮೇಲೆ ಎಚ್ಚರ ಇರಲಿಲ್ಲ. ಕೈಗೆ ಸಿಕ್ಕ ಗಂಟೆ ಬಾರಿಸಿಬಿಟ್ಟೆ. ಅದು ಅಪಾಯದ ಗಂಟೆ ಕಣೇ! ಕಣಿವೆಯ ನಡುವೆ ನೇತಾಡ್ತಿದ್ದ ಎರಡು ಡಬ್ಬಿಯವರೂ ಕಿರುಚೋಕೆ ಶುರು ಮಾಡಿದ್ರು. ಮೈಕ್ ಹಿಡಿದು, "ಗಾಬರಿ ಆಗಬೇಡಿ, ಹಗ್ಗ ಗಟ್ಟಿಯಾಗಿದೆ, ನಾನು ಮಾವ ಆಗಿದ್ದೀನಿ ಅಷ್ಟೇ" ಅಂದೆ. ಆಮೇಲೆ ಗಾಳಿಯಲ್ಲಿ ನೇತಾಡ್ತಾನೇ ಎಲ್ಲರೂ ಚಪ್ಪಾಳೆ ಹೊಡೆದ್ರು. ಮ್ಯಾನೇಜರು ಬೈದ್ರು, ಪರವಾಗಿಲ್ಲ. ಕೌಂಟರಿನವಳು ನಕ್ಕೂ ನಕ್ಕೂ ಚಿಲ್ಲರೆ ತಪ್ಪು ಕೊಟ್ಟಳು, ಅವಳಿಗೂ ಬೈದ್ರು.

ಈಗ ಮುಖ್ಯವಾದ ಮಾತು. ಯಾರ ಹಾಗಿದ್ದಾಳೆ? ಕೂದಲು, ಕೈಕಾಲು ಅಂತ ಸುತ್ತಿ ಬಳಸಿ ಬರೆದಿದ್ದೀಯ. ಮೂಗು ಯಾರದ್ದು? ಭಾವನದ್ದಾಗಿದ್ರೆ ಚಿಂತೆಯಿಲ್ಲ, ನಿನ್ನಂಥ ಕನ್ನಡಕದ ಅಂಗಡಿಯವಳ ಮಗಳಿಗೆ ಕನ್ನಡಕ ಕೂರೋಕೆ ಅಂಥದ್ದೇ ದೊಡ್ಡ ಮೂಗು ಬೇಕು.

ಏಪ್ರಿಲ್ ಮೊದಲ ವಾರ ಹಗ್ಗದ ತಪಾಸಣೆಗೆ ಅಂತ ಎಲ್ಲಾ ನಿಲ್ಲಿಸ್ತಾರೆ. ನಾನು ಬರ್ತೀನಿ. ಬಟ್ಟೆ ಪಕ್ಕಕ್ಕೆ ಸರಿಸಿ ನೆಲದ ಮೇಲೆ ಕೂರ್ತೀನಿ.

ಬುಗುರಿಯ ಮಾವ

*

ಮಾರ್ಚ್ 26

ಅಣ್ಣಾ,

ನಿನ್ನ ಗಂಟೆ ಕಥೆ ಓದಿ ಅಮ್ಮ ಹೊಟ್ಟೆ ಹಿಡ್ಕೊಂಡು ನಕ್ಕಳು. ಇದರ ಜೊತೆ ಒಂದು ಫೋಟೋ ಇಟ್ಟಿದ್ದೀನಿ. ಬುಗುರಿಯ ಪಾದಗಳು. ಎಷ್ಟು ಚೆಂದ ಇವೆ ನೋಡು! ಬೇರೆ ಫೋಟೋದಲ್ಲೆಲ್ಲಾ ಅಲ್ಲಾಡಿಬಿಟ್ಟಿದ್ದಾಳೆ. ಮೂಗು ನಮ್ಮ ಕಡೆಯದ್ದು ಅಂತಲೇ ಇಟ್ಕೋ.

ಏಪ್ರಿಲ್‌ನಲ್ಲಿ ಬರೋದು ಬೇಡ ಅಣ್ಣ. ಸಣ್ಣಪುಟ್ಟದ್ದಕ್ಕೆ ವಾರ ವಾರ ಆಸ್ಪತ್ರೆಗೆ ಓಡಾಟ ಇದೆ. ಜನ ಜಾಸ್ತಿ ಬೇಡ ಅಂದಿದ್ದಾರೆ. ಜೊತೆಗೆ ಹೊಸಬರ ಮುಖ ನೋಡಿದ್ರೆ ಮಗು ಹೆದರಿ ಅಳ್ತಾಳೆ. ಸ್ವಲ್ಪ ದೊಡ್ಡವಳಾಗಲಿ, ನಾನೇ ಕರೀತೀನಿ.

ಬೇಜಾರು ಮಾಡ್ಕೋಬೇಡ.

ಚಿನಕುರುಳಿ

*

ಏಪ್ರಿಲ್ 5

ತಂಗಿಗೆ,

ಸರಿ. ಬರಲ್ಲ.

ಒಂದು ತಿಂಗಳ ಕೂಸು ಮುಖ ನೋಡಿ ಹೆದರುತ್ತೆ ಅಂತ ನಾನು ಕೇಳಿರಲಿಲ್ಲ. ಆದ್ರೆ ನನ್ನ ಮುಖ ನೋಡಿ ಮಕ್ಕಳು ಅಳೋದು ನನಗೇನೂ ಹೊಸದಲ್ಲ. ಅದನ್ನ ನೀನು ನೇರವಾಗೇ ಬರೀಬಹುದಿತ್ತು.

ಪಾದ ಚೆನ್ನಾಗಿವೆ. ಅಮ್ಮನ್ನ ಕೇಳಿದೆ ಅಂತ ಹೇಳು.

ಅಣ್ಣ

*

ಏಪ್ರಿಲ್ 11

ಅಣ್ಣಾ, ಅಣ್ಣಾ,

ನಿನ್ನ ಕಾಗದ ಬಂತು. ಅಮ್ಮನಿಗೆ ತೋರಿಸಿದೆ. "ಹುಚ್ಚಿ, ಮೊದಲ ದಿನಾನೇ ಹೇಳು ಅಂತ ಬಡ್ಕೊಂಡೆ. ಈಗ ನೋಡು, ಎಲ್ಲಿ ನೋಯಬಾರದು ಅಂತ ಮುಚ್ಚಿಟ್ಟೆಯೋ ಸರಿಯಾಗಿ ಅಲ್ಲಿಗೇ ಚುಚ್ಚಿದ್ದೀಯ" ಅಂದಳು. ಕಾಗದ ಪೆನ್ನು ತಂದು ಮುಂದಿಟ್ಟು, ಮಗುವನ್ನ ಎತ್ಕೊಂಡು ಹೋಗಿದ್ದಾಳೆ. ಇದು ಮುಗಿಯೋವರೆಗೂ ಕೊಡಲ್ಲವಂತೆ.

ಬುಗುರಿಗೆ ಸೀಳುತುಟಿ ಅಣ್ಣ. ತುಟಿಯಿಂದ ಹಿಡಿದು ಒಳಗೆ ಅಂಗುಳದವರೆಗೂ. ನಿನ್ನ ಹಾಗೇ.

ಅಳ್ತಾಳೆ ಅಂದಿದ್ದು ಶುದ್ಧ ಸುಳ್ಳು. ನೀನು ನೋಡಿದ ತಕ್ಷಣ "ಇದು ನನ್ನಿಂದ ಬಂತು" ಅಂತ ತಲೆಗೆ ಹಚ್ಕೋತೀಯ ಅಂತ ಭಯ ಆಯ್ತು. ನೀನು ಒಬ್ಬನೇ ಆ ಬೆಟ್ಟದ ಮೇಲೆ ಕೂತು ಅದನ್ನೇ ಮೆಲುಕು ಹಾಕ್ತಿರ್ತೀಯ ಅಂತ. ಆಪರೇಷನ್ ಆದ್ಮೇಲೆ, ಎಲ್ಲಾ ಸರಿಹೋದ್ಮೇಲೆ, ಆರಾಮಾಗಿ ಹೇಳೋಣ ಅಂದುಕೊಂಡಿದ್ದೆ.

ಹುಟ್ಟಿದ ದಿನ ಏನಾಯ್ತು ಗೊತ್ತಾ? ನಾನು ಬಿಕ್ಕಿ ಬಿಕ್ಕಿ ಅಳ್ತಿದ್ದೆ. ಇವರು ಗೋಡೆಗೆ ಒರಗಿ ನಿಂತಿದ್ರು. ಅಮ್ಮ ಬಂದಳು, ಬಟ್ಟೆ ಸರಿಸಿ ಮಗುವಿನ ಮುಖ ನೋಡಿದಳು. "ಅಯ್ಯೋ, ನನ್ನ ಮಗ ಮತ್ತೆ ಬಂದ!" ಅಂತ ನಕ್ಕುಬಿಟ್ಟಳು. ಆಸ್ಪತ್ರೆಯವರಿಗೆ ಈ ಮುದುಕಿಗೆ ಏನಾಯ್ತು ಅಂತ ಗಾಬರಿ. ಆಮೇಲೆ ಮಗುವನ್ನ ನೆಟ್ಟಗೆ ಕೂರಿಸಿ, ಸೀಸೆಯನ್ನ ಮೆತ್ತಗೆ ಒತ್ತುತ್ತಾ ಹಾಲು ಕುಡಿಸೋದು ನರ್ಸು ತೋರಿಸಿದ್ರೆ, "ಗೊತ್ತು ಗೊತ್ತು, ನಾನು ಚಮಚದಲ್ಲಿ ಸಾಕಿದ್ದೀನಿ" ಅಂದಳು.

ಈಗ ಕಾಲ ಬದಲಾಗಿದೆ. ಆಪರೇಷನ್ನಿಗೆ ಮುಂಚೆಯೇ ಸೀಳನ್ನ ಹತ್ತಿರ ತರೋ ಚಿಕಿತ್ಸೆ ಇದೆ. ಅದಕ್ಕೊಬ್ಬ ಹಲ್ಲಿನ ಡಾಕ್ಟರಮ್ಮ. ಒಂದೂ ಹಲ್ಲಿಲ್ಲದವಳಿಗೆ ಹಲ್ಲಿನ ಡಾಕ್ಟರು! ಮೊದಲು ಬಾಯಿಯ ಅಚ್ಚು ತಗೊಂಡ್ರು. ಮಗುವನ್ನ ಬೋರಲು ಹಿಡಿದು, ಮೆತ್ತನೆ ಹಿಟ್ಟಿನ ಹಾಗಿರೋದನ್ನ ಬಾಯೊಳಗೆ ಒತ್ತಿ ಹಿಡಿತಾರೆ. ಬುಗುರಿ ಕಟ್ಟಡ ಹಾರಿಹೋಗೋ ಹಾಗೆ ಕಿರುಚಿದಳು. ಡಾಕ್ಟರಮ್ಮ ಮಾತ್ರ "ಅಳು ಪುಟ್ಟಾ, ಇನ್ನೂ ಜೋರಾಗಿ ಅಳು, ಅಳ್ತಿದ್ರೆ ಉಸಿರು ಸರಿಯಾಗಿ ಆಡ್ತಿದೆ ಅಂತ ಅರ್ಥ" ಅಂತ ನಗ್ತಿದ್ರು. ಆ ಅಚ್ಚಿನಿಂದ ಗುಲಾಬಿ ಬಣ್ಣದ ಪುಟ್ಟ ಪ್ಲೇಟು ಮಾಡಿದ್ರು. ಹೆಬ್ಬೆರಳಿನಷ್ಟೂ ಇಲ್ಲ. ಅದು ಅಂಗುಳಕ್ಕೆ ಕೂರುತ್ತೆ. ಅದರ ಮುಂದೊಂದು ಗುಬುಟು ತುಟಿಯಿಂದಾಚೆ ಬರುತ್ತೆ. ಅದಕ್ಕೆ ಸಣ್ಣ ರಬ್ಬರು, ರಬ್ಬರಿಗೆ ಟೇಪು, ಟೇಪು ಕೆನ್ನೆಗೆ. ರಾತ್ರಿ ಹಗಲು ಹಾಕಿಯೇ ಇರಬೇಕು. ವಾರಕ್ಕೊಂದು ಸಲ ಡಾಕ್ಟರಮ್ಮ ಪ್ಲೇಟನ್ನ ಒಂದು ಕಡೆ ಸವೆಸಿ, ಇನ್ನೊಂದು ಕಡೆ ತುಂಬಿ ಕೊಡ್ತಾರೆ. ಎಳೇ ಮೂಳೆ ಹೇಳಿದ ಮಾತು ಕೇಳುತ್ತಂತೆ. ಸ್ವಲ್ಪ ಸ್ವಲ್ಪವೇ ಸರೀತಾ ಬರುತ್ತಂತೆ.

ಮೊದಲ ವಾರ ನಾನು ಹಾಕೋಕೆ ಹೋದ್ರೆ ಪ್ಲೇಟು ಒಂದು ಕಡೆ, ಟೇಪು ಒಂದು ಕಡೆ. ನಾನು ಅಂಗಡೀಲಿ ದಿನವಿಡೀ ಜನರ ಮೂಗಿನ ಮೇಲೆ ಕನ್ನಡಕ ಕೂರಿಸಿ, "ಎರಡು ದಿನ ಬಿಗಿ ಅನ್ನಿಸುತ್ತೆ, ಆಮೇಲೆ ಅಭ್ಯಾಸ ಆಗುತ್ತೆ" ಅಂತ ಹೇಳೋಳು. ಈಗ ಅದೇ ಮಾತು ನನಗೆ ಹೇಳ್ತಾರೆ.

ಇಷ್ಟೇ ಅಣ್ಣ. ಇನ್ನೇನೂ ಮುಚ್ಚಿಟ್ಟಿಲ್ಲ. ಬೈಯೋದಾದ್ರೆ ಬೈ, ಆದ್ರೆ "ತಂಗಿಗೆ" ಅಂತ ಬರೀಬೇಡ.

ನಿನ್ನ ಚಿನಕುರುಳಿ

*

ಏಪ್ರಿಲ್ 19

ಚಿನಕುರುಳಿ! ಚಿನಕುರುಳಿ! ಚಿನಕುರುಳಿ!

ಎಡಗಡೆಯೋ, ಬಲಗಡೆಯೋ?

ಮೂರು ಪುಟ ಬರೆದಿದ್ದೀಯ, ಇದೊಂದನ್ನ ಬರೆದಿಲ್ಲ! ಎಡಗಡೆ ಆಗಿದ್ರೆ ನೂರಕ್ಕೆ ನೂರು ನನ್ನದೇ. ಬಲಗಡೆ ಆಗಿದ್ರೂ ಬಿಡಲ್ಲ, ಕನ್ನಡಿಯಲ್ಲಿ ನೋಡ್ಕೊಂಡು ನನ್ನದೇ ಅಂತೀನಿ.

ನನಗೆ ಬೇಜಾರಾಗುತ್ತೆ ಅಂದುಕೊಂಡೆಯಾ? ಮಬ್ಬೇ, ನಮ್ಮ ಮನೇಲಿ ನಿನಗೆ ಅಮ್ಮನ ಕಣ್ಣು ಬಂತು, ಅಪ್ಪನ ಬಣ್ಣ ಬಂತು. ಯಾರೇ ಬಂದರೂ "ಥೇಟ್ ಅಮ್ಮ, ಥೇಟ್ ಅಪ್ಪ" ಅಂತ ನಿನ್ನ ಗಲ್ಲ ಹಿಂಡ್ತಿದ್ರು. ನನ್ನ ಕಡೆ ತಿರುಗಿ ಏನು ಹೇಳಬೇಕು ಅಂತ ಗೊತ್ತಾಗದೆ "ಚೆನ್ನಾಗಿ ಓದ್ತಾನಾ?" ಅಂತ ಕೇಳ್ತಿದ್ರು. ಈ ಇಡೀ ವಂಶದಲ್ಲಿ ಈಗ ಒಬ್ಬಳು ಬಂದಿದ್ದಾಳೆ, ನನ್ನ ಹಾಗೆ!

ಆ ಗುಬುಟು, ರಬ್ಬರು, ಟೇಪು, ಎಲ್ಲಾ ಓದಿದೆ. ಎರಡು ಸಲ ಓದಿದೆ. ನಮ್ಮ ಮೆಕ್ಯಾನಿಕ್ಕಿಗೆ ವಿವರಿಸಿದೆ. ಅವನು ಗಂಭೀರವಾಗಿ, "ನಮ್ಮ ಹಗ್ಗದ ಹಾಗೇ. ಒಂದೇ ಸಲ ಎಳೆದ್ರೆ ಕಿತ್ತುಹೋಗುತ್ತೆ, ಬಿಗಿ ಬಿಡದೆ ಹಿಡಿದಿದ್ರೆ ತಾನೇ ಬರುತ್ತೆ" ಅಂದ. ಕೌಂಟರಿನವಳು ಕೆನ್ನೆ ಒರಟಾಗುತ್ತಾ ಅಂತ ಕೇಳಿದಳು. ಟೇಪು ತೆಗೆಯೋ ಮುಂಚೆ ಬೆಚ್ಚಗಿನ ನೀರಲ್ಲಿ ನೆನೆಸಬೇಕಂತೆ, ಅವಳ ಸಲಹೆ. ಅವಳು ಎಲ್ಲದರಲ್ಲೂ ಬುದ್ಧಿ ಹೇಳ್ತಾಳೆ, ಹೆಚ್ಚಿನ ಸಲ ಸರಿಯಾಗೇ ಇರುತ್ತೆ.

ಈಗ ನನ್ನ ಆಜ್ಞೆ. ಮುಖದ ಫೋಟೋ ಕಳಿಸು. ಟೇಪಿಲ್ಲದೆ, ಪ್ಲೇಟಿಲ್ಲದೆ, ಬಾಯಿ ತೆರೆದಿರೋದು. ಪಾದ ಕಳಿಸಿದ್ರೆ ವಾಪಸ್ ಕಳಿಸ್ತೀನಿ.

ಬುಗುರಿಯ ಮಾವ (ಇದನ್ನ ಈಗ ಎದೆ ಉಬ್ಬಿಸಿ ಬರೀತಿದ್ದೀನಿ)

*

ಮೇ 2

ಅಣ್ಣಾ,

ಎಡಗಡೆ!

ಅಮ್ಮನಿಗೆ ನಿನ್ನ ಕಾಗದ ಓದಿ ಹೇಳಿದೆ. "ಚೆನ್ನಾಗಿ ಓದ್ತಾನಾ" ಅನ್ನೋ ಕಡೆ ಅವಳು ಎದ್ದು ಒಳಗೆ ಹೋದಳು. ವಾಪಸ್ ಬಂದು, "ಫೋಟೋ ಕಳಿಸು, ದೊಡ್ಡದು ಮಾಡಿಸಿ ಕಳಿಸು" ಅಂದಳು.

ನಿನಗೆ ಅದೃಷ್ಟ ಇದೆ. ಈಗ ನಗೋಕೆ ಶುರು ಮಾಡಿದ್ದಾಳೆ. ದಿನಕ್ಕೊಂದು ಸಲ ಪ್ಲೇಟು ತೆಗೆದು ತೊಳೆಯಬೇಕು, ಆಗ ಬಾಯಿ ಖಾಲಿ ಇರುತ್ತಲ್ಲ, ಅದೇ ಅವಳ ನಗೋ ಹೊತ್ತು. ಇವರು "ಮುಂದಿನ ನಿಲ್ದಾಣ, ಬುಗುರಿ ಸರ್ಕಲ್!" ಅಂತ ಕೂಗ್ತಾರೆ. ಇವಳು ಬಾಯಷ್ಟೇ ಅಲ್ಲ, ಮುಖಾನೇ ತೆರೆದು ನಗ್ತಾಳೆ. ಅಣ್ಣ, ಅಷ್ಟಗಲದ ನಗು ನಾನು ಎಲ್ಲೂ ನೋಡಿಲ್ಲ. ಮೂಗಿನವರೆಗೂ ಹೋಗುತ್ತೆ. ಫೋಟೋ ಸ್ಟುಡಿಯೋದವನು ಮೊದಲು, "ಮೇಡಂ, ಕಂಪ್ಯೂಟರಲ್ಲಿ ಸರಿ ಮಾಡಿಬಿಡ್ತೀನಿ" ಅಂದ. ಇವರಿಗೆ ಮೂಗಿನ ತುದಿಗೆ ಕೋಪ ಬಂತು. "ಸರಿ ಮಾಡೋಕೆ ಡಾಕ್ಟರಿದ್ದಾರೆ, ನೀವು ಫೋಟೋ ತೆಗೀರಿ ಸಾಕು" ಅಂದ್ರು.

ಮೊದಲು ಸೀಳಿನಲ್ಲಿ ನನ್ನ ಕಿರುಬೆರಳು ಹೋಗ್ತಿತ್ತು. ಈಗ ಬೆಂಕಿಕಡ್ಡಿ ಹೋಗುತ್ತೋ ಇಲ್ಲವೋ. ಹಾಗಾಗಿ ಪ್ಲೇಟಿಗೆ ಹೊಸದೊಂದು ಸೇರಿಸಿದ್ದಾರೆ, ಬಾಗಿದ ತಂತಿ, ತುದಿಯಲ್ಲಿ ಮೆತ್ತನೆ ಉಂಡೆ. ಅದು ಮೂಗಿನ ಹೊಳ್ಳೆಯೊಳಗೆ ಕೂತು, ಚಪ್ಪಟೆಯಾಗಿದ್ದ ಕಡೆಯನ್ನ ಮೇಲಕ್ಕೆತ್ತಿ ಹಿಡಿಯುತ್ತೆ. ಕನ್ನಡಕದ ಮೂಗಿನ ಗುಂಡಿ ಬಗ್ಗಿಸೋ ಇಕ್ಕಳ ಇದೆಯಲ್ಲ, ಹೆಚ್ಚುಕಡಿಮೆ ಅಂಥದ್ದೇ ಡಾಕ್ಟರಮ್ಮನ ಕೈಲಿ. ನಾನು ಅದರ ಮೇಲಿಂದ ಕಣ್ಣು ತೆಗೆಯದೆ ನೋಡ್ತಿದ್ದೆ. "ನಿಮಗೆ ಇಷ್ಟ ಆಯ್ತಾ?" ಅಂದ್ರು. "ನಮ್ಮ ಅಂಗಡಿಯದಕ್ಕಿಂತ ಚೆನ್ನಾಗಿದೆ" ಅಂದೆ. ಇಬ್ಬರೂ ಇಕ್ಕಳದ ಬಗ್ಗೆ ಮಾತಾಡ್ತಾ ನಿಂತ್ವಿ, ಬುಗುರಿ ಕಿರುಚಿ ನಮ್ಮನ್ನ ಎಚ್ಚರಿಸಬೇಕಾಯ್ತು.

ಫೋಟೋ ಜೋಪಾನ. ನೋಡಿದ ತಕ್ಷಣ ಬರಿ.

ಚಿನಕುರುಳಿ

*

ಮೇ 30

ಅಣ್ಣಾ,

ನಾಲ್ಕು ವಾರ ಆಯ್ತು. ದಿನಾ ಅಂಚೆಯವನ ದಾರಿ ಕಾಯ್ತೀನಿ. ಈಗ ಅವನು ನನ್ನ ನೋಡಿದ್ರೆ ದೂರದಿಂದಲೇ ಕೈ ಅಲ್ಲಾಡಿಸಿ ಇಲ್ಲ ಅಂತಾನೆ.

ಕಾಗದದಲ್ಲಿ ಕುಣಿದಾಡಿದವನು ಫೋಟೋ ನೋಡಿ ಸುಮ್ಮನಾಗಿಬಿಟ್ಟೆ. ನನಗೆ ಅರ್ಥ ಆಗುತ್ತೆ. ಮಾತಲ್ಲಿ ಕೇಳೋದು ಬೇರೆ, ಕಣ್ಣಾರೆ ನೋಡೋದು ಬೇರೆ. ನಾನು ಕಳಿಸಬಾರದಿತ್ತೇನೋ.

ಡಾಕ್ಟರಮ್ಮನ್ನ ನಾನು ಕೇಳಿದ್ದೀನಿ. "ಅವಳ ಮಾವನಿಗೂ ಇತ್ತು, ಅದರಿಂದಲೇನಾ?" ಅಂತ. ಕೆಲವು ಮನೆಗಳಲ್ಲಿ ಹಾಗೆ ಬರಬಹುದಂತೆ, ಎಷ್ಟೋ ಮನೆಗಳಲ್ಲಿ ಯಾರಿಗೂ ಇಲ್ಲದೆಯೂ ಬರುತ್ತಂತೆ. "ಇದು ಯಾರೂ ಮಾಡಿದ್ದಲ್ಲ. ನಿಮ್ಮ ಅಣ್ಣನಿಗೆ ಹೇಳಿ, ಅವರಿಂದ ಈ ಮಗುವಿಗೆ ಒಬ್ಬ ಮಾವ ಸಿಕ್ಕಿದ್ದಾರೆ, ಅಷ್ಟೇ" ಅಂದ್ರು.

ಕಾಗದ ಬಂತಾ ಅಂತ ಅಮ್ಮ ಇವರನ್ನ ಗುಟ್ಟಾಗಿ ಕೇಳ್ತಾಳಂತೆ.

ಎರಡು ಸಾಲು ಬರಿ. ಬೈದಾದ್ರೂ ಬರಿ.

ನಿನ್ನ ತಂಗಿ

*

ಜೂನ್ 8

ಚಿನಕುರುಳಿ,

ನಾನು ಸುಮ್ಮನಿರಲಿಲ್ಲ ಕಣೇ. ಬರೆದೆ, ಹರಿದೆ, ಮತ್ತೆ ಬರೆದೆ, ಮತ್ತೆ ಹರಿದೆ. ಕಸ ಗುಡಿಸೋಳು ಕೇಳೋಕೆ ಶುರು ಮಾಡಿದಳು, "ಮೀಸೆ ಸಾರ್, ಪರೀಕ್ಷೆ ಕಟ್ಟಿದ್ದೀರಾ?"

ನೀನು ಅಂದುಕೊಂಡ ಹಾಗೇನೂ ಅಲ್ಲ. ಹೇಳ್ತೀನಿ ಕೇಳು.

ನನಗೆ ಕೂಸಾಗಿದ್ದಾಗಿನ ನನ್ನ ಮುಖ ಗೊತ್ತಿರಲಿಲ್ಲ. ನನ್ನ ತುಟಿ ಹೊಲಿದಿದ್ದು ನಾನು ಶಾಲೆಗೆ ಸೇರಿದ ಮೇಲೆ. ಅದಕ್ಕೂ ಮುಂಚಿನ ಒಂದು ಫೋಟೋನೂ ಮನೇಲಿಲ್ಲ. ನೀನು ತೆವಳಿದ್ದು, ಕೂತಿದ್ದು, ಬಿದ್ದಿದ್ದು ಎಲ್ಲಾ ಇದೆ. ನನ್ನ ಲೆಕ್ಕ ಶುರುವಾಗೋದೇ ಶಾಲೆಯ ಗುಂಪು ಫೋಟೋದಿಂದ, ಅದರಲ್ಲೂ ಕೈ ಬಾಯಿಗೆ ಅಡ್ಡ. ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಜನರ ಬಾಯಿಗೆ ಹೆದರಿ ನನ್ನನ್ನ ಯಾವ ಕ್ಯಾಮೆರಾ ಮುಂದೆಯೂ ಹಿಡಿಯಲಿಲ್ಲ ಅಂತ ಗೊತ್ತು. ಆದ್ರೆ ಫೋಟೋ ತೆಗೆಯೋಕೂ ಆಗದಷ್ಟು ಭಯಂಕರವಾಗಿದ್ದೆ ಅಂತ ನಾನೇ ಒಂದು ಮುಖ ಕಲ್ಪಿಸಿಕೊಂಡಿದ್ದೆ. ಇಷ್ಟು ವರ್ಷ ಅದನ್ನೇ ನನ್ನ ಹಳೇ ಮುಖ ಅಂದುಕೊಂಡು ಮೀಸೆ ಬೆಳೆಸಿ ಮುಚ್ಚಿಟ್ಟಿದ್ದೆ.

ನಿನ್ನ ಲಕೋಟೆ ಒಡೆದೆ. ಎಡಗಡೆ ಸೀಳು. ಅಮ್ಮನ ಹಣೆ. ಲೋಕವೆಲ್ಲಾ ತನ್ನದೇ ಅನ್ನೋ ಹಾಗೆ ನಗ್ತಿದೆ ಅದು! ನಿಯಂತ್ರಣದ ಕೋಣೆಯಲ್ಲಿ ಕೂತು ನೋಡಿದೆ. ನೋಡ್ತಾ ಹೋದೆ. ಇಷ್ಟು ಚೆಂದ ಇದ್ನಾ ನಾನು?

ಅಷ್ಟೇ ಕಣೇ. ಆ ಒಂದು ಸಾಲು ಬರೆಯೋಕೆ ಇಷ್ಟು ದಿನ ಬೇಕಾಯ್ತು.

ಇನ್ನೊಂದಿದೆ. ಕೌಂಟರಿನವಳು ಎರಡು ವರ್ಷದ ಹಿಂದೆ ನನ್ನನ್ನ ನೇರವಾಗೇ ಕೇಳಿದ್ದಳು, ಮದುವೆ ಆಗೋಣವಾ ಅಂತ. ಬೇಡ ಅಂದೆ. ಕಾರಣ ಹೇಳಲಿಲ್ಲ. ಅವಳೂ ಕೇಳಲಿಲ್ಲ, ಚಹಾ ಕೊಡೋದನ್ನೂ ನಿಲ್ಲಿಸಲಿಲ್ಲ. ಕಾರಣ ಇಷ್ಟೇ. ನಾಳೆ ಒಂದು ಮಗು ಹುಟ್ಟಿ, ಅದಕ್ಕೂ ಹೀಗೇ ಆಗಿ, ಅದು ನನ್ನ ಪಾಡು ಪಟ್ಟರೆ? ಹೋದ ವಾರ ಫೋಟೋ ಅವಳ ಮುಂದಿಟ್ಟು ಎಲ್ಲಾ ಹೇಳಿದೆ. ಕೇಳಿಸಿಕೊಂಡಳು. ಕಿಟಕಿಯ ಹೊರಗೆ ಜನ ಸಾಲುಗಟ್ಟಿ ನಿಂತಿದ್ರು, ಅವರಿಗೆ "ಒಂದು ನಿಮಿಷ" ಅಂದಳು. ನನ್ನ ಕಡೆ ತಿರುಗಿ, "ಇದಕ್ಕೋಸ್ಕರ ಎರಡು ವರ್ಷ ಸುಮ್ಮನೆ ಕಳೆದ್ರಾ? ಆದ್ರೆ ಆಗ್ಲಿ. ಪ್ಲೇಟಿದೆ, ಟೇಪಿದೆ, ಹೇಳಿಕೊಡೋಕೆ ನಿಮ್ಮ ತಂಗಿ ಇದ್ದಾಳೆ" ಅಂದಳು. ಆಮೇಲೆ, "ಈ ಮಗು ನಿಮ್ಮ ಹಾಗೇ ನಗುತ್ತೆ" ಅಂದಳು. "ನನ್ನ ನಗು ನಿನಗೆಲ್ಲಿ ಕಂಡಿದೆ, ಮೀಸೆ ಇದೆಯಲ್ಲ" ಅಂದೆ. "ಅದನ್ನೇ ಹೇಳ್ತಿರೋದು" ಅಂದಳು.

ಬೋಳಿಸಿಬಿಟ್ಟೆ.

ಮಾರನೇ ದಿನ ಕೆಲಸಕ್ಕೆ ಹೋದ್ರೆ ಮ್ಯಾನೇಜರು ನನ್ನನ್ನ ಪ್ರವಾಸಿ ಅಂದುಕೊಂಡು "ಸಾರ್, ಇಲ್ಲಿ ಒಳಗೆ ಬರೋ ಹಾಗಿಲ್ಲ" ಅಂದ್ರು. ಈಗ ಎಲ್ಲರಿಗೂ ಕಷ್ಟ, ಏನಂತ ಕರೆಯೋದು ಅಂತ. ತುಟಿಗೆ ಗಾಳಿ ತಗುಲಿದ್ರೆ ಚಳಿ ಆಗುತ್ತೆ.

ಬುಗುರಿಯ ಮಾವ, ಮೀಸೆಯಿಲ್ಲದವನು

*

ಜುಲೈ 1

ಅಣ್ಣಾ!

ನಿನ್ನ ಕಾಗದ ಅಂಗಡೀಲಿ ಓದಿದೆ. ಕಣ್ಣು ಪರೀಕ್ಷೆಗೆ ಬಂದಿದ್ದವರೊಬ್ಬರು ಎದುರಿಗೆ ಕೂತಿದ್ರು. ಅಕ್ಷರ ಓದಬೇಕಾದವರು ಅವರು, ಕಣ್ಣೀರು ಹಾಕ್ತಿದ್ದವಳು ನಾನು. "ಮೇಡಂ, ನನ್ನ ಕಣ್ಣು ಅಷ್ಟೊಂದು ಹಾಳಾಗಿದೆಯಾ?" ಅಂತ ಗಾಬರಿಯಾದ್ರು.

ಅಮ್ಮನಿಗೆ ಎಲ್ಲಾ ಓದಲಿಲ್ಲ. "ಇಷ್ಟು ಚೆಂದ ಇದ್ನಾ" ಅನ್ನೋ ಸಾಲು ಮಾತ್ರ ಓದಿದೆ. ಸ್ವಲ್ಪ ಹೊತ್ತು ಬುಗುರಿಯ ಬೆನ್ನು ತಟ್ಟುತ್ತಾ ಕೂತಿದ್ದಳು. "ಇದ್ದ. ಇವಳಿಗಿಂತ ಒಂದು ಕೈ ಮೇಲೇ ಇದ್ದ. ಅವನಿಗೆ ಬರಿ" ಅಂದಳು. ಬರೆದಿದ್ದೀನಿ.

ಆಪರೇಷನ್ ಜುಲೈ ಹದಿನಾರಕ್ಕೆ. ಸೀಳಿನ ಎರಡು ಅಂಚೂ ಈಗ ಮುಟ್ಟಿಯೇಬಿಟ್ಟಿವೆ, ಕಾಗದ ತೂರಿಸಿದ್ರೂ ಸಿಕ್ಕಿಹಾಕಿಕೊಳ್ಳುತ್ತೆ. ಮೂಗು ಎದ್ದು ಕೂತಿದೆ. ಡಾಕ್ಟರಮ್ಮ ಮೊದಲ ಅಚ್ಚನ್ನೂ ಈಗಿನ ಅಚ್ಚನ್ನೂ ಪಕ್ಕದಲ್ಲಿಟ್ಟು ತೋರಿಸಿದ್ರು. ಎರಡು ಬೇರೆ ಮಕ್ಕಳದ್ದೇನೋ ಅನ್ನಿಸ್ತು. "ಸರ್ಜನ್ನಿಗೆ ಅರ್ಧ ಕೆಲಸ ನಾವೇ ಮಾಡಿಕೊಟ್ಟಿದ್ದೀವಿ" ಅಂತ ನನ್ನ ಬೆನ್ನು ತಟ್ಟಿದ್ರು. ನಾವು ಅಂದ್ರು ಅಣ್ಣ! ಟೇಪು ಹಚ್ಚಿ ಹಚ್ಚಿ ಈಗ ನಾನು ಕಣ್ಣು ಮುಚ್ಚಿ ಹಚ್ತೀನಿ. ಅಂಗುಳದ ಆಪರೇಷನ್ ಇನ್ನೂ ಆಮೇಲೆ, ಅವಳಿಗೆ ವರ್ಷ ತುಂಬೋ ಹೊತ್ತಿಗೆ.

ನೀನು ಬರಬೇಕು. ಅವಳನ್ನೂ ಕರ್ಕೊಂಡು ಬರಬೇಕು. ಅತ್ತಿಗೆ ಅಂತ ಈಗಿಂದಲೇ ಕರೀಲಾ, ಕಾಯಲಾ?

ಚಿನಕುರುಳಿ

*

ಆಗಸ್ಟ್ 2

ಚಿನಕುರುಳಿ,

ಮತ್ತೆ ಬೆಟ್ಟದ ಮೇಲೆ ಬಂದು ಕೂತಿದ್ದೀವಿ. ನಿಮ್ಮ ಮನೆಯ ಗಲಾಟೆ ಕಿವಿಯಲ್ಲಿ ಇನ್ನೂ ಗುಂಯ್‌ಗುಡ್ತಿದೆ. ಅಮ್ಮ ನನ್ನ ಬೋಳು ತುಟಿಯ ಮೇಲೆ ಬೆರಳಾಡಿಸಿ "ಚೆನ್ನಾಗಿ ಓದ್ತೀಯಾ?" ಅಂತ ಕೇಳಿದ್ದು ನೆನೆಸ್ಕೊಂಡು ಬಸ್ಸಿನಲ್ಲಿ ಒಬ್ಬನೇ ನಕ್ಕೆ. ಇವಳಂತೂ ಬುಗುರಿಯನ್ನ ಎತ್ತಿಕೊಂಡ ಕೈ ಇಳಿಸಿರಲಿಲ್ಲ, ಈಗ ಖಾಲಿ ಕೈಲಿ ಟಿಕೆಟ್ ಹರಿಯೋಕೆ ಬೇಜಾರು ಅಂತಾಳೆ.

ಒಂದು ಮಾತು ಕೇಳಲಾ? ಆಪರೇಷನ್ ಮುಗಿದು ಬುಗುರಿಯನ್ನ ಹೊರಗೆ ತಂದಾಗ ಎಲ್ಲರೂ ಅವಳನ್ನೇ ನೋಡ್ತಿದ್ರು. ಭಾವ ಅಳ್ತಿದ್ರು, ಅಮ್ಮ ಡಾಕ್ಟರ ಕೈ ಹಿಡ್ಕೊಂಡಿದ್ದಳು. ನಾನು ನಿನ್ನ ನೋಡ್ತಿದ್ದೆ. ನೀನು ಒಂದು ಸಲ ಅವಳ ಮುಖ ನೋಡಿದೆ. ಆಮೇಲೆ ಹೊದಿಕೆ ಸರಿ ಮಾಡಿದೆ, ಗಾಯ ಮುಟ್ಟಿಕೊಳ್ಳದ ಹಾಗೆ ಕೈಗೆ ಕಟ್ಟಿದ್ದ ಪಟ್ಟಿ ಸರಿ ಮಾಡಿದೆ, ಮತ್ತೆ ಮುಖದ ಕಡೆ ನೋಡಲಿಲ್ಲ. ನಾವಿದ್ದ ಅಷ್ಟೂ ದಿನ ಹಾಗೇ ಇದ್ದೆ. ಎಲ್ಲಾ ಮಾಡ್ತಿದ್ದೆ, ನಗಿಸ್ತಿದ್ದೆ, ಆದ್ರೆ ಎಲ್ಲೋ ಏನೋ ಬಿಟ್ಟು ಬಂದವಳ ಹಾಗೆ.

ಕೆಲಸ ತುಂಬಾ ಚೆನ್ನಾಗಿ ಆಗಿದೆ ಕಣೇ. ಹಾಗಿದ್ರೆ ಏನು? ನೀನು ನನಗೆ ಮುಚ್ಚಿಡೋದು ಸಾಕು.

ಅಣ್ಣ

*

ಆಗಸ್ಟ್ 20

ಅಣ್ಣಾ,

ನಿನ್ನ ಕಣ್ಣಿಗೆ ಕನ್ನಡಕ ಬೇಕಿಲ್ಲ.

ಹೇಳ್ತೀನಿ, ಯಾರ ಮುಂದೂ ಓದಬೇಡ. ಅತ್ತಿಗೆ ಮುಂದೆ ಬೇಕಾದ್ರೆ ಓದು. ಆಪರೇಷನ್ ಆಗಿ ಮಗುವನ್ನ ಹೊರಗೆ ತಂದಾಗ ನನಗೆ ಗುರುತೇ ಸಿಗಲಿಲ್ಲ. ಪುಟ್ಟ ಬಾಯಿ, ನೆಟ್ಟಗಿನ ಮೂಗು, ಎಲ್ಲರ ಮಕ್ಕಳ ಹಾಗೆ. ಇದಕ್ಕಾಗೇ ತಾನೇ ತಿಂಗಳುಗಟ್ಟಲೆ ಟೇಪು ಹಚ್ಚಿದ್ದು, ವಾರ ವಾರ ಓಡಿದ್ದು. ಬೇಕು ಬೇಕು ಅಂತ ಕಾದು, ಕೈಗೆ ಬಂದಾಗ, "ನನ್ನ ಬುಗುರಿ ಎಲ್ಲಿ?" ಅನ್ನಿಸಿಬಿಡ್ತು. ಆ ಅಗಲದ ನಗು ಇನ್ನು ಬರೋದೇ ಇಲ್ಲ, ಅದನ್ನ ನಾನೇ ಹೊಲಿಸಿ ಹಾಕಿಸಿದೆ ಅಂತ. ಎಲ್ಲರೂ ಸಂಭ್ರಮದಲ್ಲಿರುವಾಗ ಇದನ್ನ ಯಾವ ಬಾಯಲ್ಲಿ ಹೇಳಲಿ? ಜನ ನನಗೆ ತಲೆ ಕೆಟ್ಟಿದೆ ಅಂತಾರೆ ಅಂತ ಸುಮ್ಮನಿದ್ದೆ.

ನಿನ್ನ ಕಾಗದ ಬಂದ ವಾರ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಅವರು ನನ್ನ ಮುಖ ನೋಡಿ, ಬಾಗಿಲು ಮುಚ್ಚಿ, "ಹಳೇ ನಗು ನೆನಪಾಗ್ತಿದೆಯಾ?" ಅಂತ ಕೇಳಿದ್ರು. ಹೂಂ ಅಂದೆ. "ತುಂಬಾ ತಾಯಂದಿರಿಗೆ ಆಗುತ್ತೆ. ಅದನ್ನ ಪ್ರೀತಿಸಿದ್ರಿ, ಅದಕ್ಕೇ ನೆನಪಾಗುತ್ತೆ. ತಪ್ಪೇನಿದೆ? ಮಗು ಇನ್ನೂ ಹೊಸ ತುಟೀಲಿ ನಗೋಕೆ ಕಲೀತಿದೆ. ಸ್ವಲ್ಪ ದಿನ ಕೊಡಿ" ಅಂದ್ರು.

ಹೋದ ಭಾನುವಾರ ಮಧ್ಯಾಹ್ನ, ಗಾಯದ ಗೆರೆಗೆ ಎಣ್ಣೆ ಹಚ್ಚಿ ಮೆತ್ತಗೆ ತಿಕ್ತಾ ಇದ್ದೆ. ಇವರು ಪಕ್ಕದಲ್ಲಿ ಕೂತು ಹಣ್ಣು ಬಿಡಿಸ್ತಿದ್ರು. ರಸ ಚಿಮ್ಮಿ ಇವರ ಕಣ್ಣಿಗೇ ಬಿತ್ತು. "ಅಯ್ಯಯ್ಯೋ" ಅಂತ ಎದ್ದು, ಕಣ್ಣು ಮುಚ್ಕೊಂಡೇ ಹೋಗಿ ಬಾಗಿಲಿಗೆ ಡಿಕ್ಕಿ ಹೊಡೆದ್ರು. ಬುಗುರಿ ಉಸಿರು ಹಿಡಿದಳು. ಗಲ್ಲವನ್ನ ಎದೆಗೆ ಒತ್ತಿದಳು. ನಗೋ ಮುಂಚೆ ಯಾವಾಗಲೂ ಹಾಗೇ ಮಾಡ್ತಿದ್ದಳು ಅಂತ ಆಗ ಹೊಳೀತು. ಆಮೇಲೆ ಹೊಸ ತುಟಿ ಎಡಕ್ಕೆ ಒಂಚೂರು ಎಳೆದುಕೊಂಡು, ಏನು ಮಾಡಬೇಕು ಅಂತ ತಡವರಿಸಿ, ಬಿಚ್ಚಿಕೊಳ್ತು. ಸದ್ದು ಮಾಡಿ ನಕ್ಕಳು ಅಣ್ಣ! ಕಿಲಕಿಲ ಅಂತ! ಅವಳೇ. ಬೇರೆ ಯಾರೂ ಅಲ್ಲ. ನಾನು ಅಷ್ಟು ದಿನ ಎಲ್ಲಿ ಹುಡುಕ್ತಿದ್ದೆನೋ.

ಅವತ್ತಿನಿಂದ ನಾನು ಕಣ್ಣು ಕೀಳದೆ ಅವಳನ್ನೇ ನೋಡ್ತಿದ್ದೀನಿ. ಅಮ್ಮ ದೃಷ್ಟಿ ಆಗುತ್ತೆ, ಸಾಕು ಮಾಡು ಅಂತಾಳೆ.

ಈಗ ಮನೇಲಿ ಹೊಸ ಜಗಳ. ತುಟಿ ಎರಡೂ ಕೂಡಿದ್ದೇ ಕೂಡಿದ್ದು, ನಿನ್ನೆಯಿಂದ "ಮ್ಮ, ಮ್ಮ, ಮ್ಮಾ" ಅಂತ ಶುರು ಮಾಡಿದ್ದಾಳೆ. ನಾನು ಅಮ್ಮ ಅಂದಳು ಅಂತೀನಿ. ಅಮ್ಮ ತನ್ನನ್ನೇ ಅಮ್ಮಮ್ಮ ಅಂದಳು ಅಂತಾಳೆ. ಮಾವ ಅಂತ ನೀನೂ ಹಕ್ಕು ಸಾಧಿಸಬಹುದು, ಬೇಗ ಬಂದು ಸಾಲಲ್ಲಿ ನಿಲ್ಲು. ಪಾಪ, ಇವರದ್ದು ಮಾತ್ರ ಕಷ್ಟ. ರಾತ್ರಿ ಹಗಲು ಅವಳ ಮುಂದೆ ಕೂತು "ಪ, ಪ, ಅಪ್ಪ" ಅಂತ ಪಾಠ ಮಾಡ್ತಾರೆ. ಅವಳು ಗಮನ ಇಟ್ಟು ಕೇಳಿ "ಮ್ಮ" ಅಂತಾಳೆ. ಡಾಕ್ಟರಮ್ಮನ್ನ ಕೇಳಿದ್ರೆ, ಪ ಅನ್ನೋಕೆ ಬಾಯಲ್ಲಿ ಗಾಳಿ ನಿಲ್ಲಬೇಕು, ಅದಕ್ಕೆ ಅಂಗುಳ ಮುಚ್ಚಬೇಕು, ಮುಂದಿನ ಆಪರೇಷನ್ ಆಗಿ ಸ್ವಲ್ಪ ದಿನ ಕಳೀಬೇಕು ಅಂದ್ರು.

ಇವರು ಮುಖ ಸಣ್ಣ ಮಾಡ್ಕೊಂಡೇ ಮನೆಗೆ ಬಂದ್ರು. ಬಾಗಿಲು ತೆಗೆಯುವಾಗ ಬುಗುರಿಯನ್ನ ನನ್ನ ಕೈಯಿಂದ ಎತ್ತಿಕೊಂಡು ಹೇಳಿದ್ರು, "ಪರವಾಗಿಲ್ಲ ಬಿಡು ಪುಟ್ಟಾ. ಊರಿನವರೆಲ್ಲಾ ದಿನಾ ನನ್ನ ಬಸ್ಸಿಗೆ ಕಾಯ್ತಾರೆ. ನಾನು ನಿನಗೆ ಕಾಯ್ತೀನಿ."

ಚಿನಕುರುಳಿ